ನಡೆದದ್ದು ಕೈ, ದಣಿದದ್ದು ಕಾಲು

ನಮ್ಮ ಮನೆಯಲ್ಲಿ ಅತಿ ಹೆಚ್ಚು ನಡೆಯುವವರು ಯಾರೆಂದು ನನ್ನ ಫಿಟ್‌ನೆಸ್ ವಾಚನ್ನು ಕೇಳಿ ನೋಡಿ. ಎಂಬತ್ತರ ಹೊಸ್ತಿಲಲ್ಲಿರುವ ನಮ್ಮಮ್ಮನ ಹೆಸರು ಹೇಳುತ್ತದೆ. ಮಂಡಿನೋವಿನ ಅಮ್ಮ ಕುರ್ಚಿ ಬಿಟ್ಟು ಏಳುವುದೇ ಅಪರೂಪ. ಒಂದು ಸಂಜೆ "ಅದೇನೋ ಕಟ್ಕೊಂಡು ತಿರುಗ್ತೀಯಲ್ಲ, ಕೊಡು ನೋಡೋಣ" ಎಂದು ಈಸಿಕೊಂಡು ಭಜನೆಗೆ ಕೂತರು. ಮಂಗಳಾರತಿಯ ಹೊತ್ತಿಗೆ, ಚಪ್ಪಾಳೆಯ ತಾಳದಿಂದಲೇ, ಲಾಲ್‌ಬಾಗಿನಲ್ಲಿ ನಾನು ಬೆವರಿಳಿಸಿ ಸಂಪಾದಿಸುವಷ್ಟು ಹೆಜ್ಜೆ ಅವರ ಖಾತೆಗೆ ಬಿದ್ದಿತ್ತು. "ಕೂತಲ್ಲೇ ಪುಣ್ಯವೂ ಬಂತು, ವಾಕಿಂಗೂ ಆಯ್ತು ಕಣೋ" ಎಂದರು.

ಪಾಪ, ವಾಚಿಗೆ ಕಾಲು ಕಾಣುವುದಿಲ್ಲ. ಅದರೊಳಗಿನ ಪುಟ್ಟ ಚಿಪ್ಪು ಮೂರು ದಿಕ್ಕಿನ ಅಲುಗಾಟವನ್ನು ಅಳೆಯುತ್ತದೆ. ಅಲುಗಾಟದಲ್ಲೊಂದು ಲಯ ಕಂಡರೆ ಹೆಜ್ಜೆ ಎಂದು ಬರೆದುಕೊಳ್ಳುತ್ತದೆ. ಲಯ ತಪ್ಪಿದರೆ, ನೀವು ಕಾಶಿಗೇ ನಡೆದು ಹೋಗಿ, ಅದಕ್ಕೆ ಸಂಬಂಧವಿಲ್ಲ. ಸೂಪರ್ ಮಾರ್ಕೆಟ್ಟಿನಲ್ಲಿ ಟ್ರಾಲಿ ತಳ್ಳುತ್ತಾ ಗಂಟೆಗಟ್ಟಲೆ ಅಲೆದರೂ, ಹಿಡಿಯ ಮೇಲಿನ ಕೈ ಅಲುಗದ ಕಾರಣ ನಾನು ಅರ್ಧಕ್ಕರ್ಧ ದಾರಿ ನಡೆದೇ ಇಲ್ಲ. ಇದು ತಿಳಿದ ಮೇಲೆ ನಾನು ತರಕಾರಿ ಚೀಲಗಳನ್ನು ಹೆಂಡತಿಗೆ ಕೊಟ್ಟು, ವಾಚಿನ ಕೈಯನ್ನು ಗಣರಾಜ್ಯೋತ್ಸವದ ಪೆರೇಡಿನವರ ಹಾಗೆ ಬೀಸುತ್ತಾ ಮುಂದೆ ನಡೆಯತೊಡಗಿದೆ.

"ರೀ, ನನ್ನ ಕೈಯಲ್ಲಿ ವಾಚಿಲ್ಲ ಅಂದ್ರೆ ನನಗೆ ಕೈನೋವೂ ಇಲ್ಲ ಅಂತಾನಾ?"

ಲೆಕ್ಕ ಕೆಡುತ್ತದೆ ಎಂದು ನಾನು ನಿಂತು ಉತ್ತರ ಕೊಡಲಿಲ್ಲ.

ಎದೆಬಡಿತದ ವಿಷಯದಲ್ಲಿ ವಾಚು ಇದಕ್ಕಿಂತ ಮೇಲು. ಅದರ ಹೊಟ್ಟೆಯ ಹಸಿರು ದೀಪ ಚರ್ಮದೊಳಕ್ಕೆ ಇಣುಕುತ್ತದೆ. ರಕ್ತ ಹಸಿರು ಬೆಳಕನ್ನು ಹೀರಿಕೊಳ್ಳುವುದರಿಂದ, ಪ್ರತಿ ಬಡಿತಕ್ಕೂ ವಾಪಸು ಬರುವ ಬೆಳಕು ಏರಿಳಿಯುತ್ತದೆ. ಸುಮ್ಮನೆ ಕೂತವನ ಬಡಿತವನ್ನು ಚೆನ್ನಾಗಿಯೇ ಹೇಳುತ್ತದೆ, ಮತ್ತು ಸುಮ್ಮನೆ ಕೂರುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ತೊಂದರೆಯೆಲ್ಲ ಎದ್ದ ಮೇಲೆ. ಪಟ್ಟಿ ಸಡಿಲವಾಗಿದ್ದರೆ ವಾಚು ಕೆಲವೊಮ್ಮೆ ಹೆಜ್ಜೆಯ ಲಯವನ್ನೇ ನಾಡಿಯೆಂದು ಹಿಡಿದುಬಿಡುತ್ತದೆ. ನನ್ನ ಪಟ್ಟಿ ಸಡಿಲವೇ. ಹೊಟ್ಟೆಯ ಬೆಲ್ಟಂತೂ ಬಿಗಿಯಾಯಿತು, ಕೈಗಾದರೂ ಉಸಿರಾಡಲು ಜಾಗವಿರಲಿ ಎಂದು. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಅದನ್ನು ಹತ್ತಿ ಮೇಲೆ ನಿಂತಾಗ ನಮ್ಮಿಬ್ಬರಲ್ಲಿ ಹಿರಿಯರು ಯಾರೆಂದು ಹೇಳುವುದು ಕಷ್ಟವಿತ್ತು. ವಾಚು ಮಾತ್ರ ನನ್ನ ನಾಡಿ ಪ್ರಶಾಂತವಾಗಿದೆ ಎಂದಿತು. ಹೆಜ್ಜೆ ನಿಧಾನವಾಗಿತ್ತಲ್ಲ!

ನಿಜವಾದ ಜಗಳ ಹತ್ತಿದ್ದು ಕ್ಯಾಲೊರಿಯಿಂದ. ವಾಚು ಇಷ್ಟು ಕರಗಿತು ಎಂದರೆ ಅಷ್ಟಕ್ಕೆ ಸಮನಾಗಿ ಮಸಾಲೆದೋಸೆ ತಿನ್ನುವುದು ನನ್ನ ಪದ್ಧತಿ. ಸಾಲ ಇಟ್ಟುಕೊಳ್ಳುವ ಜಾಯಮಾನ ನನ್ನದಲ್ಲ. ಆ ವಾಚನ್ನು ನನಗೆ ಕೊಡಿಸಿದ ಮಗಳೇ ಒಂದು ದಿನ ಊಟದ ಹೊತ್ತಿಗೆ ವಿಷಯ ತೆಗೆದಳು. 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಇಂಥ 7 ಸಾಧನಗಳನ್ನು 60 ಜನರ ಕೈಗೆ ಕಟ್ಟಿ ಪರೀಕ್ಷಿಸಿದ್ದರಂತೆ. ಎದೆಬಡಿತದಲ್ಲಿ ಆರರ ತಪ್ಪು ಶೇಕಡಾ 5ರೊಳಗೆ. ಕ್ಯಾಲೊರಿಯಲ್ಲಿ ಮಾತ್ರ, ಇದ್ದುದರಲ್ಲೇ ಒಳ್ಳೆಯದು ಸರಾಸರಿ ಶೇಕಡಾ 27ರಷ್ಟು ತಪ್ಪು ಹೇಳಿತ್ತು. ಕೊನೆಯದರ ತಪ್ಪು 93.

"ಅಂದ್ರೆ ದೋಸೆಯಲ್ಲಿ ನಿಮ್ಮ ಪಾಲು ಬರೀ ಅಂಚು" ಎಂದಳು ಹೆಂಡತಿ, ಪಲ್ಯದ ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾ.

"ತಪ್ಪು ಅಂದ್ಮೇಲೆ ಎರಡೂ ಕಡೆಗೂ ಆಗಬಹುದಲ್ಲೇ? ವಾಚು ಕಮ್ಮಿ ತೋರಿಸಿದ್ರೆ? ನನಗೆ ಇನ್ನೊಂದು ದೋಸೆ ಬಾಕಿ ಬರಬೇಕಾಗುತ್ತೆ."

ಈ ವಾದಕ್ಕೆ ಮನೆಯಲ್ಲಿ ಯಾರೂ ಉತ್ತರ ಕೊಡಲಿಲ್ಲ. ಗೆಲುವೆಂದೇ ತಿಳಿದಿದ್ದೇನೆ.

ಇನ್ನು ದಿನಕ್ಕೆ 10,000 ಹೆಜ್ಜೆಯ ವ್ರತ. ಅದನ್ನು ಯಾವ ವೈದ್ಯನೂ ಬರೆದುಕೊಟ್ಟದ್ದಲ್ಲ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆಮಾಪಕವನ್ನು ಮಾರಲು ಆ ಸಂಖ್ಯೆಯನ್ನೇ ಅದಕ್ಕೆ ಹೆಸರಾಗಿ ಇಟ್ಟಿತು. ವಯಸ್ಸಾದ ಹೆಂಗಸರ ಮೇಲೆ ನಡೆಸಿ 2019ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, 4,400ರ ಹೊತ್ತಿಗೇ ಲಾಭ ಕಂಡು, 7,500ರ ಸುಮಾರಿಗೆ ಅದು ಏರುವುದು ನಿಂತಿತ್ತು. ನಾನು ಹೆಂಗಸಲ್ಲ ಎಂಬ ಒಂದೇ ಕಾರಣಕ್ಕೆ ಉಳಿದ ಎರಡೂವರೆ ಸಾವಿರವನ್ನು ರಾತ್ರಿ ಹಾಲಿನಿಂದ ರೂಮಿಗೆ, ರೂಮಿನಿಂದ ಹಾಲಿಗೆ ಸವೆಸುತ್ತೇನೆ. ಕೆಳಗಿನ ಮನೆಯವರು ಮೊದಮೊದಲು ನಮ್ಮಲ್ಲಿ ಯಾರಿಗೋ ಹುಷಾರಿಲ್ಲವೆಂದು ವಿಚಾರಿಸುತ್ತಿದ್ದರು. ಈಗ ವಿಚಾರಿಸುವುದನ್ನೂ ಬಿಟ್ಟಿದ್ದಾರೆ, ಮೆಟ್ಟಿಲಲ್ಲಿ ಸಿಕ್ಕರೆ ನಗುವುದನ್ನೂ.

ಯುಗಾದಿಯ ಹಿಂದಿನ ರಾತ್ರಿ ಹೀಗೇ ಅಡ್ಡಾಡುತ್ತಿದ್ದಾಗ ಹೆಂಡತಿ ಅಡುಗೆಮನೆಯಿಂದ ಕೇಳಿದಳು: "ರೀ, ಹತ್ತು ಸಾವಿರಕ್ಕೆ ಇನ್ನೆಷ್ಟು ಕಮ್ಮಿ ಇದೆ?"

ಅವಳ ದನಿಯಲ್ಲಿ ಅಷ್ಟು ಅಕ್ಕರೆ ಕೇಳಿ ಬಹಳ ಕಾಲವಾಗಿತ್ತು. ಹೇಳಿದೆ.

"ಅತ್ತೆ ಚಪ್ಪಾಳೆ ತಟ್ಟಿದ್ದಕ್ಕೇ ಅಷ್ಟು ಕೊಡ್ತಲ್ಲ ಅದು. ಬನ್ನಿ, ಹೋಳಿಗೆಗೆ ಕಣಕ ನಾದಿ. ಎಣ್ಣೆ ಹಾಕಿ ಚೆನ್ನಾಗಿ ನಾದಿದಷ್ಟೂ ನಿಮಗೂ ಲಾಭ, ಹೋಳಿಗೆಗೂ ಲಾಭ."

ವಿಜ್ಞಾನಕ್ಕೆ ಎದುರಾಡುವಂತಿಲ್ಲ. ಎಡಗೈಯಲ್ಲಿ ಬೋಗುಣಿ ಅದುಮಿ ಹಿಡಿದು ನಾದಿದೆ. ಭುಜ ಕಳಚಿ ಬೀಳುವವರೆಗೆ ನಾದಿದೆ. ಮೊಸರು ತೆಗೆಯಲು ಫ್ರಿಜ್ಜಿನ ಹತ್ತಿರ ಬಂದ ಮಗಳು ಬಾಗಿಲು ತೆರೆದವಳು ಹಾಗೇ ನಿಂತು ನೋಡಿದಳು.

"ಅಪ್ಪಾ, ನಾದ್ತಿರೋದು ಬಲಗೈ. ವಾಚ್ ಕಟ್ಟಿರೋದು ಎಡಗೈಗೆ."

"ಅವಳಿಗೇನು ಗೊತ್ತು, ನೀವು ನಾದಿ" ಎಂದಳು ಹೆಂಡತಿ.