ಫುಟ್‌ಸಾಲದ ಮೇಷ್ಟ್ರು

ಫುಟ್ಸಾಲ್ ಎಂಬ ಹೆಸರಿನ ಬಾಲದಲ್ಲಿರುವ ‘ಸಾಲ’ ಸ್ಪ್ಯಾನಿಷ್ ಮಾತು. ಅಲ್ಲಿ ಅದಕ್ಕೆ ಹಜಾರ ಎಂದರ್ಥ; ಹಜಾರದೊಳಗೆ ಆಡುವ ಫುಟ್‌ಬಾಲ್ ಆದ್ದರಿಂದ ಆ ಹೆಸರು. ಅದೇ ಎರಡಕ್ಷರಕ್ಕೆ ಕನ್ನಡದಲ್ಲಿರುವ ಅರ್ಥ ಈ ಆಟದ ಮೇಲೆ ಬಾಜಿ ಕಟ್ಟುವವರಿಗೆ ಸ್ವಲ್ಪ ತಡವಾಗಿ ಹೊಳೆಯುತ್ತದೆ. ಹೊಳೆಯುವ ತನಕ ಪಾಠ ಹೇಳಲು ಒಬ್ಬ ಮೇಷ್ಟ್ರು ಬೇಕಲ್ಲ, ಬೆಂಗಳೂರಿನ ಬಡಾವಣೆಗಳಲ್ಲಿ ಅವರಿಗೇನೂ ಬರವಿಲ್ಲ. ಖಾಲಿ ಸೈಟಿಗೆ ಹಸಿರು ಹಾಸು ಹಾಸಿ, ಸುತ್ತ ಬಲೆ ಕಟ್ಟಿ, ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಬಿಟ್ಟ ಟರ್ಫ್ ಎಲ್ಲಿದೆಯೋ ಅದರ ಪಕ್ಕದಲ್ಲೊಂದು ಟೀ ಅಂಗಡಿ. ಅಂಗಡಿಯ ಮುಂದೆ ಸ್ಕೂಟರಿಗೆ ಒರಗಿ ನಿಂತ ನಲವತ್ತರ ಆಸುಪಾಸಿನ ಈ ಮನುಷ್ಯ. ಬಲೆಯೊಳಗೆ ಒಂದು ದಿನವೂ ಕಾಲಿಟ್ಟವರಲ್ಲ. ಕೈಯಲ್ಲಿ ಗಾಜು ಸೀಳಿದ ಫೋನು, ಅದರಲ್ಲಿ ಮುರ್ಸಿಯಾದಲ್ಲೋ ಅಲ್ಮಾಟಿಯಲ್ಲೋ ನಡೆಯುತ್ತಿರುವ ಪಂದ್ಯ, ಸುತ್ತ ಮೂರ್ನಾಲ್ಕು ಹುಡುಗರು. “ಅಣ್ಣಾ, ಇದರಲ್ಲಿ ಹೆಂಗೆ ದುಡ್ಡು ಹಾಕೋದು?” ಎಂದು ಒಬ್ಬ ಕೇಳಿದರೆ ಸಾಕು, ಮೇಷ್ಟ್ರ ಬೆನ್ನು ನೆಟ್ಟಗಾಗುತ್ತದೆ. ಕಂಡವರೆಲ್ಲ ಇವರನ್ನು ದುಡ್ಡಿನಾಸೆಯ ಮನುಷ್ಯ ಎಂದು ಷರಾ ಬರೆದುಬಿಡುತ್ತಾರೆ. ನನ್ನ ವಾದ ಬೇರೆ. ಮೇಷ್ಟ್ರಿಗೆ ದುಡ್ಡಿನಾಸೆ ಅಷ್ಟಕ್ಕಷ್ಟೇ. ಅವರಿಗೆ ಬೇಕಿರುವುದು ಎದುರಾಡುವವರಿಲ್ಲದ ಒಂದು ವಿಷಯ, ಅದನ್ನು ಕೇಳಲು ನಾಲ್ಕು ಕಿವಿ. ಬಾಜಿಯಲ್ಲಿ ಕಳೆಯುವ ಹಣ ಆ ಪೀಠಕ್ಕೆ ಅವರು ಕಟ್ಟುವ ಬಾಡಿಗೆ.

ಮೊದಲ ಸಾಕ್ಷಿ ಆಟದ ಆಯ್ಕೆಯೇ. ಹಣ ಮಾಡುವುದು ಗುರಿಯಾಗಿದ್ದರೆ ತನಗೆ ಬಾಲ್ಯದಿಂದ ಗೊತ್ತಿರುವ ಕ್ರಿಕೆಟ್ಟನ್ನು ಹಿಡಿಯಬೇಕಿತ್ತು. ಆದರೆ ಕ್ರಿಕೆಟ್ಟಿನಲ್ಲಿ ಪಂಡಿತನೆನಿಸಿಕೊಳ್ಳುವುದು ಈ ನಾಡಿನಲ್ಲಿ ಆಗಹೋಗುವ ಮಾತಲ್ಲ. ಚಿನ್ನಸ್ವಾಮಿಯಲ್ಲಿ ರಾತ್ರಿ ಇಬ್ಬನಿ ಬೀಳುತ್ತೆ ಎಂದು ಬಾಯಿ ತೆರೆದರೆ ಟೀ ಸೋಸುವವನು ತಿದ್ದುತ್ತಾನೆ, ಹಾಲಿನ ಕ್ಯಾನು ಇಳಿಸಲು ಬಂದವನು ಅವನನ್ನು ತಿದ್ದುತ್ತಾನೆ. ಫುಟ್‌ಬಾಲಿಗೆ ಕೈಹಾಕಿದರೆ ಆಸ್ಟಿನ್ ಟೌನಿನ ಹಿರಿಯರು ಎದ್ದು ಕೂರುತ್ತಾರೆ. ಕುದುರೆಯ ವಿಷಯ ಕೇಳುವುದೇ ಬೇಡ, ಅಲ್ಲಿ ಅಪ್ಪ ಮಕ್ಕಳು ಒಂದೇ ರೇಸ್ ಪುಸ್ತಕಕ್ಕೆ ಗೀಟು ಹಾಕಿದ ಮನೆತನಗಳಿವೆ. ಉಳಿದದ್ದು ಫುಟ್ಸಾಲ್. 2016ರಲ್ಲಿ ಪ್ರೀಮಿಯರ್ ಫುಟ್ಸಾಲ್ ಎಂಬ ಟೂರ್ನಿ ಬಂದು ಬೆಂಗಳೂರಿನ ಹೆಸರಿನ ತಂಡದಲ್ಲಿ ಪಾಲ್ ಸ್ಕೋಲ್ಸ್ ಆಡಿದ್ದು, ಗೋವಾ ತಂಡದ ರೊನಾಲ್ಡಿನೊ ನಮ್ಮದೇ ತಂಡದ ಮೇಲೆ ಐದು ಗೋಲು ಹೊಡೆದು ಹೋದದ್ದು ಎಷ್ಟು ಮಂದಿಗೆ ನೆನಪಿದೆ? ದೇಶದ ಕ್ಲಬ್ಬುಗಳಿಗೆ ರಾಷ್ಟ್ರೀಯ ಪಂದ್ಯಾವಳಿ ಶುರುವಾದದ್ದೇ 2021ರಲ್ಲಿ. ಭಾರತದ ತಂಡ ಅಂತರರಾಷ್ಟ್ರೀಯ ಅಂಕಣಕ್ಕೆ ಇಳಿದದ್ದು 2023ರಲ್ಲಿ. ಇಷ್ಟು ಖಾಲಿ ಬಿದ್ದ ಜಾಗ ಬೆಂಗಳೂರಿನಲ್ಲಿ ಇನ್ನೆಲ್ಲಿ ಸಿಗಬೇಕು? ಮೇಷ್ಟ್ರು ಬೇಲಿ ಹಾಕಿಕೊಂಡರು.

ಹಾಗೆಂದು ಪಾಠದಲ್ಲಿ ಸುಳ್ಳಿಲ್ಲ. 1930ರಲ್ಲಿ ಉರುಗ್ವೆಯ ಮಾಂಟೆವಿಡಿಯೊದಲ್ಲಿ ಹುವಾನ್ ಕಾರ್ಲೊಸ್ ಸೆರಿಯಾನಿ ಎಂಬ ವೈಎಂಸಿಎ ಶಿಕ್ಷಕ ಬ್ಯಾಸ್ಕೆಟ್‌ಬಾಲ್, ಹ್ಯಾಂಡ್‌ಬಾಲ್, ವಾಟರ್ ಪೋಲೊಗಳಿಂದ ಒಂದೊಂದು ನಿಯಮ ಎತ್ತಿಕೊಂಡು ಈ ಆಟ ಕಟ್ಟಿದ ಎಂಬಲ್ಲಿಂದ ಅವರು ಹೊರಡುತ್ತಾರೆ. ನಲವತ್ತು ಮೀಟರ್ ಉದ್ದ, ಇಪ್ಪತ್ತು ಅಗಲದ ಅಂಕಣ. ಗೋಲಿಯೂ ಸೇರಿ ಐದೈದು ಜನ. ಇಪ್ಪತ್ತು ನಿಮಿಷದ ಎರಡು ಪಾಳಿ, ಚೆಂಡು ನಿಂತರೆ ಗಡಿಯಾರವೂ ನಿಲ್ಲುತ್ತದೆ. ಆಟಗಾರರನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು. ತಂಡವೊಂದರ ಫೌಲುಗಳನ್ನು ಪಾಳಿಯುದ್ದಕ್ಕೂ ಕೂಡಿಡುತ್ತಾರೆ; ಆರನೆಯದರಿಂದ ಮುಂದೆ ಅಡ್ಡಗೋಡೆ ಕಟ್ಟುವಂತಿಲ್ಲ, ಎದುರಾಳಿ ನೇರ ಗೋಲಿಗೇ ಒದೆಯಬಹುದು. ಕೆಂಪು ಕಾರ್ಡ್ ಬಿದ್ದರೆ ಎರಡು ನಿಮಿಷ, ಇಲ್ಲವೇ ಗೋಲು ಬೀಳುವ ತನಕ, ಒಬ್ಬ ಕಡಿಮೆ. ಎಲ್ಲ ಸರಿಯಾಗಿದೆ, ಕಂಠಪಾಠವೂ ಆಗಿದೆ. ಪಾಠದ ಶಿಖರ ಬರುವುದು ಟರ್ಫಿನೊಳಗೆ ಒಂದು ಗಂಟೆ ಓಡಾಡಿ, ಬೂಟಿನಿಂದ ಕರಿ ರಬ್ಬರ್ ಕಾಳು ಕೊಡವುತ್ತ ಹೊರಬಂದ ಹುಡುಗರು ಕೈಗೆ ಸಿಕ್ಕಾಗ. “ನೀವಾಡಿದ್ದು ಫುಟ್ಸಾಲೇ ಅಲ್ಲ ಕಣ್ರಪ್ಪಾ. ಬಲೆಗೆ ಬಡಿದು ವಾಪಸ್ ಬಂದ ಚೆಂಡನ್ನ ಆಡಂಗಿಲ್ಲ. ಆ ಚೆಂಡೂ ಅಲ್ಲ. ಅದರ ಪುಟಿತ ಕಮ್ಮಿ ಇರಬೇಕು.” ಆಡಿದವರಿಗೆ ಆಡಿದ್ದೇನೆಂದು ಆಡದವರು ತಿಳಿಹೇಳುವ ಈ ಗಳಿಗೆಯ ಸುಖಕ್ಕೆ ಯಾವ ಗೆದ್ದ ಬಾಜಿ ಸಮ?

ಇನ್ನು ಬಾಜಿಯ ಪಾಠ. ಯಾರು ಗೆಲ್ಲುತ್ತಾರೆ ಎಂಬುದು ಒಂದನೇ ಕ್ಲಾಸಿನವರಿಗೆ. ಎರಡನೆಯದು ಒಟ್ಟು ಗೋಲು ಐದೂವರೆಗಿಂತ ಹೆಚ್ಚೋ ಕಡಿಮೆಯೋ ಎಂಬುದು. “ಅರ್ಧ ಗೋಲು ಹೆಂಗಣ್ಣಾ ಹೊಡೀತಾರೆ?” ಎಂದು ಕೇಳದ ಶಿಷ್ಯನಿಲ್ಲ, ಸಮ ಬಂದು ಜಗಳವಾಗದಿರಲಿ ಎಂದು ಇಟ್ಟ ಗೆರೆ ಅದು ಎಂದು ವಿವರಿಸದ ದಿನವಿಲ್ಲ. ಮೂರನೆಯದು ಹ್ಯಾಂಡಿಕ್ಯಾಪ್. 2008ರ ವಿಶ್ವಕಪ್‌ನಲ್ಲಿ ರಷ್ಯಾ ತಂಡ ಸಾಲೊಮನ್ ದ್ವೀಪಗಳ ಮೇಲೆ 31–2ರಿಂದ ಗೆದ್ದಿತು. ಅಂಥ ಪಂದ್ಯದಲ್ಲಿ ಗೆಲ್ಲುವವರು ಯಾರು ಎಂದು ಕೇಳುವುದು ಸೂರ್ಯ ಯಾವ ದಿಕ್ಕಿಗೆ ಹುಟ್ಟುತ್ತಾನೆ ಎಂದು ಪಣ ಕಟ್ಟಿದ ಹಾಗೆ. ಅದಕ್ಕೇ ಬಡ ತಂಡಕ್ಕೆ ಮೊದಲೇ ಇಷ್ಟು ಗೋಲು ಎಂದು ಬಿಟ್ಟುಕೊಟ್ಟು ಲೆಕ್ಕ ಶುರುಮಾಡುತ್ತಾರೆ. ಇದಾದ ಮೇಲೆ ಮೇಷ್ಟ್ರು ಹೇಳುವ ಒಂದು ಮಾತನ್ನು ಗಮನಿಸಬೇಕು, ನನ್ನ ವಾದ ನಿಂತಿರುವುದೇ ಅದರ ಮೇಲೆ. ಹೆಚ್ಚು–ಕಡಿಮೆ ಎರಡಕ್ಕೂ ಬುಕ್ಕಿ 1.90 ರೇಟು ಕೊಡುತ್ತಾನೆ. ಎರಡರ ಮೇಲೂ ನೂರು ನೂರು ಹಾಕಿದರೆ ಕೊಟ್ಟದ್ದು ಇನ್ನೂರು, ವಾಪಸ್ ಬರುವುದು 190. ನೂರಕ್ಕೆ ಐದು ರೂಪಾಯಿ ಬುಕ್ಕಿಯ ಜೇಬಿಗೆ, ಯಾರು ಗೆದ್ದರೂ. ನಾಲ್ಕು ಪಂದ್ಯ ಒಟ್ಟಿಗೆ ಪೋಣಿಸಿದರೆ ನ್ಯಾಯವಾಗಿ ಹದಿನಾರು ಪಟ್ಟು ಬರಬೇಕು, ಬರುವುದು ಹದಿಮೂರು. ನೂರಕ್ಕೆ ಹದಿನೆಂಟು ಚಿಲ್ಲರೆ ಕೊಚ್ಚಿಹೋಯಿತು. ಇದನ್ನೆಲ್ಲ ಮೇಷ್ಟ್ರು ಬಾಯಿಬಿಟ್ಟು, ಸಿಗರೇಟು ಪ್ಯಾಕಿನ ಹಿಂದೆ ಬರೆದು ತೋರಿಸುತ್ತಾರೆ. ತೋರಿಸಿದ ಕೈಯಲ್ಲೇ ನಾಲ್ಕು ಪಂದ್ಯ ಪೋಣಿಸುತ್ತಾರೆ. ದುಡ್ಡು ಬೇಕಾದವನು ಈ ಲೆಕ್ಕ ತಿಳಿದ ಮೇಲೆ ಟೀ ಕುಡಿದು ಮನೆಗೆ ಹೋಗುತ್ತಿದ್ದ. ಆದರೆ ನಾಲ್ಕು ಪಂದ್ಯ ಪೋಣಿಸಿದರೆ ನಾಲ್ಕು ಉಪನ್ಯಾಸ ಕೊಡಬಹುದಲ್ಲ!

ಇನ್ನೂ ಹತ್ತಿರದಿಂದ ನೋಡಬೇಕೆಂದರೆ ಪಂದ್ಯದ ಕೊನೆಯ ನಿಮಿಷಕ್ಕೆ ಬರಬೇಕು. ಸ್ಕೋರು 3–2. ಮೇಷ್ಟ್ರದು ‘ಐದೂವರೆಗಿಂತ ಕಡಿಮೆ’. ಗೆಲುವು ಕೈಗೆ ಬಂದಂತೆಯೇ. ಗಡಿಯಾರದಲ್ಲಿ 38 ಸೆಕೆಂಡು, ಅದೂ ಪದೇ ಪದೇ ನಿಲ್ಲುವ ಗಡಿಯಾರ. ಆಗ ಸೋಲುತ್ತಿರುವ ತಂಡ ಗೋಲಿಯನ್ನು ಹೊರಕ್ಕೆ ಕರೆದು, ಇನ್ನೊಬ್ಬ ಆಟಗಾರನಿಗೆ ಗೋಲಿಯ ಬಣ್ಣದ ಅಂಗಿ ತೊಡಿಸುತ್ತದೆ. ಆ ಅಂಗಿಯ ಬೆನ್ನಿನಲ್ಲಿ ಚೌಕಾಕಾರದ ಕಿಟಕಿ ಕೊರೆದಿರುತ್ತದೆ, ಒಳಗಿನ ಅಂಗಿಯ ನಂಬರು ಹೊರಗೆ ಕಾಣಲಿ ಎಂದು. “ಇದಕ್ಕೆ ಪವರ್‌ಪ್ಲೇ ಅಂತಾರೆ” ಎನ್ನುತ್ತಾರೆ ಮೇಷ್ಟ್ರು. “ಫೀಲ್ಡರುಗಳು ಸರ್ಕಲ್ ಒಳಗಾ ಅಣ್ಣಾ?” ಎನ್ನುತ್ತಾನೆ ಶಿಷ್ಯ. ಐವರೂ ನುಗ್ಗಿದರೆ ಹಿಂದೆ ಗೋಲು ಬಾಗಿಲು ತೆಗೆದ ಮನೆ. ಚೆಂಡು ಕೈತಪ್ಪಿದರೆ ಮುಗಿಯಿತು, ಎದುರಾಳಿ ತನ್ನ ಅಂಗಳದಿಂದಲೇ ತಳ್ಳಿ ಒಳಗೆ ಹಾಕುತ್ತಾನೆ ಎಂದು ಅವರು ವಿವರಿಸುತ್ತಿರುವಾಗಲೇ ಚೆಂಡು ಕೈತಪ್ಪುತ್ತದೆ, ಉದ್ದಕ್ಕೆ ಉರುಳುತ್ತದೆ, ಗೆರೆ ದಾಟುತ್ತದೆ. 4–2. ಒಟ್ಟು ಆರು. ಮೇಷ್ಟ್ರ ದುಡ್ಡು ಹೋಯಿತು. ಈಗ ಅವರ ಮುಖ ನೋಡಿ: ಮದುವೆ ಮನೆಯ ಮುಖ! “ಹೇಳಲಿಲ್ವಾ? ಹೇಳಿದೆನೋ ಇಲ್ವೋ?” ಹೇಳಿದ್ದು ನಿಜ, ಅವರು ಕಟ್ಟಿದ ಬಾಜಿಗೆ ವಿರುದ್ಧವಾಗಿ ಹೇಳಿದ್ದೂ ನಿಜ. ಶಿಷ್ಯರು ಮಾತ್ರ ಬೆರಗಾಗಿ ತಲೆಯಾಡಿಸುತ್ತಾರೆ.

ವಿಷಯ ತಿಳಿದವನು ಗೆಲ್ಲಲಾರನೇ ಎಂದು ಯಾರಾದರೂ ಕೇಳಬಹುದು. ಮೇಷ್ಟ್ರಂತೂ ಕೇಳಿಯೇ ಕೇಳುತ್ತಾರೆ, ಕುದುರೆ ಜೂಜು ಕೌಶಲದ ಆಟ ಎಂದು 1996ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆಯಲ್ಲ ಎಂದು ಆಧಾರವನ್ನೂ ಕೊಡುತ್ತಾರೆ. ಸಣ್ಣ ಲೀಗುಗಳ ಕಡೆ ಬುಕ್ಕಿಯ ಗಮನ ಕಡಿಮೆ, ಅಲ್ಲಿ ಅವನಿಗಿಂತ ನಮಗೆ ಹೆಚ್ಚು ಗೊತ್ತಿರಲು ಸಾಧ್ಯ ಎಂಬ ಮಾತಿನಲ್ಲೂ ಹುರುಳಿಲ್ಲದಿಲ್ಲ. ಕಜಕಸ್ತಾನದ ಕೈರಾತ್ ಅಲ್ಮಾಟಿ ಕ್ಲಬ್ಬು 2013ರಲ್ಲೂ 2015ರಲ್ಲೂ ಯೂರೋಪಿನ ಕಪ್ ಗೆದ್ದದ್ದು, ಅದರ ಬ್ರೆಜಿಲ್ ಮೂಲದ ಗೋಲಿ ಹಿಗ್ವಿಟಾ ಗೋಲು ಬಿಟ್ಟು ಮುಂದೆ ಬಂದು ಆಡುತ್ತಿದ್ದದ್ದು ಮೊದಲೇ ತಿಳಿದಿದ್ದವನಿಗೆ ಲಾಭವಾಗಿದ್ದರೂ ಆಗಿರಬಹುದು. ಆದರೆ 1.90ರ ರೇಟಿನಲ್ಲಿ ಕೈ ಸುಡದಿರಬೇಕಾದರೆ ನೂರರಲ್ಲಿ 53 ಸಲ ಸರಿಯಾಗಬೇಕು, ವರ್ಷಗಟ್ಟಲೆ ಆಗಬೇಕು. ಬುಕ್ಕಿಯ ಮನುಷ್ಯ ಅಂಕಣದ ಪಕ್ಕದಲ್ಲೇ ಕೂತು ಗೋಲು ಬಿದ್ದ ಕ್ಷಣವೇ ಸುದ್ದಿ ಮುಟ್ಟಿಸುತ್ತಾನೆ. ಮೇಷ್ಟ್ರ ಫೋನಿಗೆ ಆ ಗೋಲು ಬರುವುದು ಸೆಕೆಂಡುಗಟ್ಟಲೆ ತಡವಾಗಿ. ಇಷ್ಟಾದರೂ ಗೆಲ್ಲುತ್ತಲೇ ಹೋದರೆ ‘ನಿಮಗೆ ಇನ್ನು ಇಷ್ಟೇ’ ಎಂದು ಬಾಜಿಯ ಮಿತಿ ಇಳಿಸುವುದು ಬುಕ್ಕಿಗಳ ಹಳೆಯ ರೂಢಿ. ಮೇಷ್ಟ್ರಿಗೆ ಯಾರೂ ಮಿತಿ ಇಳಿಸಿಲ್ಲ. ಅದಕ್ಕಿಂತ ದೊಡ್ಡ ಸಾಕ್ಷಿ ಅವರ ನೋಟ್ ಬುಕ್ಕು. ತಾರೀಖಿದೆ, ತಂಡಗಳಿವೆ, ‘ಆರನೇ ಫೌಲ್, ರೆಫರಿ ಕಣ್ಣಿಗೆ ಬೀಳಲಿಲ್ಲ’ ಎಂಬಂಥ ಕಾರಣಗಳು ಸಾಲುಸಾಲಾಗಿವೆ. ಹಾಕಿದ್ದೆಷ್ಟು, ಬಂದದ್ದೆಷ್ಟು ಎಂಬ ಕಾಲಂ ಇಲ್ಲ. ಚೀಟಿ ವ್ಯವಹಾರ ಮಾಡುವವರ ಪುಸ್ತಕದಲ್ಲಿ ಆ ಕಾಲಂ ಇಲ್ಲದೆ ಒಂದು ಪುಟವಾದರೂ ಇರುತ್ತದೆಯೇ?

ಹಾಗಾದರೆ ಬರೀ ಮಾತಾಡಬಹುದಿತ್ತಲ್ಲ, ದುಡ್ಡೇಕೆ ಹಾಕಬೇಕು? ಇದು ಗಟ್ಟಿ ಆಕ್ಷೇಪ. ಉತ್ತರವೂ ಟೀ ಅಂಗಡಿಯಲ್ಲೇ ಇದೆ. ದುಡ್ಡು ಹಾಕದೆ ಫುಟ್ಸಾಲ್ ಬಗ್ಗೆ ಮಾತಾಡುವವನು ಹರಟೆಮಲ್ಲ. ಹಾಕಿ ಮಾತಾಡುವವನು ತಜ್ಞ. ಕಳೆದುಕೊಂಡವನು ಇನ್ನೂ ದೊಡ್ಡ ತಜ್ಞ, ಅವನದು ಅನುಭವ. ಈ ಪೀಠ ಹೊಸದೂ ಅಲ್ಲ. ಒಂದು ಕಾಲಕ್ಕೆ ಇದೇ ಜಾಗದಲ್ಲಿ ಮಟ್ಕಾ ಚಾರ್ಟು ಮಡಚಿ ಹಿಡಿದವರು ನಿಂತಿದ್ದರು. ನಿನ್ನೆಯ ಕನಸಿನಲ್ಲಿ ಹಾವು ಬಂದರೆ ಯಾವ ನಂಬರು, ಸತ್ತ ಅಜ್ಜಿ ಬಂದರೆ ಯಾವುದು ಎಂದು ಅವರು ಹೇಳುತ್ತಿದ್ದರು. ಆಮೇಲೆ ಒಂದಂಕಿ ಲಾಟರಿಯ ಗಣಿತಜ್ಞರು ಬಂದರು; 2007ರಲ್ಲಿ ರಾಜ್ಯದಲ್ಲಿ ಲಾಟರಿ ನಿಷೇಧವಾದಾಗ ಅವರ ಶಾಸ್ತ್ರವೂ ಕಣ್ಮುಚ್ಚಿತು. ಅವರ ಮುಂದೆ ನಮ್ಮ ಮೇಷ್ಟ್ರು ಎಷ್ಟೋ ವಾಸಿ, ಹಾವಿನ ಬದಲು ಹ್ಯಾಂಡಿಕ್ಯಾಪ್ ಹೇಳುತ್ತಾರೆ. ಕೆಡುಕಾಗುವುದು ಶಿಷ್ಯನ ಲೆಕ್ಕದಲ್ಲಿ. ಮೇಷ್ಟ್ರಿಗೆ ಕಳೆದ ದುಡ್ಡಿಗೆ ಪ್ರತಿಯಾಗಿ ಉಪನ್ಯಾಸ ಸಿಕ್ಕಿತು. ಹುಡುಗನಿಗೆ ಸಿಕ್ಕಿದ್ದು ನಷ್ಟ ಮಾತ್ರ. ಅದನ್ನು ಹಿಂದಕ್ಕೆ ತರಲು ಅವನು ನೂರು, ಇನ್ನೂರು, ನಾನೂರು ಎಂದು ದುಪ್ಪಟ್ಟು ಮಾಡುತ್ತ ಹೋಗುತ್ತಾನೆ. ಸತತ ಹತ್ತು ಸಲ ಸೋತರೆ ಅಷ್ಟರಲ್ಲಿ ಹೋದದ್ದು 1,02,300 ರೂಪಾಯಿ. ಹನ್ನೊಂದನೆಯ ಬಾಜಿಗೆ ಇನ್ನೂ 1,02,400 ಹೊಂದಿಸಬೇಕು, ಗೆದ್ದರೂ ಕೈಗೆ ಉಳಿಯುವುದು ಹೆಚ್ಚೆಂದರೆ ನೂರು. ಸ್ಪ್ಯಾನಿಷ್ ‘ಸಾಲ’ ಕನ್ನಡದ ಸಾಲವಾಗುವುದು ಇಲ್ಲಿ.

2025ರ ಆಗಸ್ಟ್‌ನಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡು ಕಟ್ಟಿ ಆಡುವ ಆಟಗಳನ್ನು ದೇಶಾದ್ಯಂತ ನಿಷೇಧಿಸಿತು. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಇಲ್ಲಿಗೆ ಮೇಷ್ಟ್ರ ಕಥೆ ಮುಗಿಯಿತು ಎಂದುಕೊಂಡವರಿಗೆ ಮೇಷ್ಟ್ರು ಅರ್ಥವಾಗಿಲ್ಲ. ಅವರಿಗೆ ಕಾಯ್ದೆಯೇ ಹೊಸ ಪಠ್ಯವಾಯಿತು: ಜಾಹೀರಾತಿಗೆ ಎಷ್ಟು ಶಿಕ್ಷೆ, ಆಡುವವನನ್ನು ಏಕೆ ಬಿಟ್ಟಿದ್ದಾರೆ, ಯಾವ ಕಲಂ ಏನನ್ನುತ್ತದೆ. ಬಾಜಿ ಈಗ ಒಂದು ಪ್ಲೇಟ್ ಗೋಬಿ ಮಂಚೂರಿಗೆ ಇಳಿದಿದೆ. ದುಡ್ಡಿನಾಸೆಯ ಮನುಷ್ಯನಾಗಿದ್ದರೆ ಗೋಬಿಗಾಗಿ ಯಾರು ಗಂಟಲು ಹರಿದುಕೊಳ್ಳುತ್ತಾರೆ? ಮೇಷ್ಟ್ರ ದನಿ ಒಂದು ಸ್ವರವೂ ತಗ್ಗಿಲ್ಲ. ಅವರಿಗೆ ನಿಜವಾದ ಕಂಟಕ ಬಂದಿರುವುದು ಬೇರೆ ಕಡೆಯಿಂದ. 2024ರ ವಿಶ್ವಕಪ್ ಫೈನಲ್ಲಿನಲ್ಲಿ, ತಾಷ್ಕೆಂಟಿನಲ್ಲಿ, ಬ್ರೆಜಿಲ್ ಅರ್ಜೆಂಟೀನಾವನ್ನು 2–1ರಿಂದ ಸೋಲಿಸಿತು ಎಂದು ಅವರು ಶುರುಮಾಡುವಷ್ಟರಲ್ಲಿ ಶಿಷ್ಯನೊಬ್ಬ, “ಅದು ಅವರ ಆರನೇ ಕಪ್ ಅಲ್ವಾ ಅಣ್ಣಾ?” ಎನ್ನುತ್ತಾನೆ. ಇನ್ನೊಬ್ಬ ಕೂಡಿಟ್ಟ ಫೌಲುಗಳ ಲೆಕ್ಕ ತಾನೇ ಹೇಳುತ್ತಾನೆ. ಟೀ ಸೋಸುವವನು ಸೋಸುತ್ತಲೇ, ಪವರ್‌ಪ್ಲೇ ಇಷ್ಟು ಬೇಗ ತಗೋಬಾರದಿತ್ತು ಎಂದು ಅಭಿಪ್ರಾಯಪಡುತ್ತಾನೆ. ಮೇಷ್ಟ್ರು ಲೋಟ ಕೆಳಗಿಟ್ಟು, ಫೋನಿನಲ್ಲಿ ಏನೋ ಹುಡುಕಿ, ಸಮುದ್ರ ತೀರದ ಮರಳಿನಲ್ಲಿ ಬರಿಗಾಲಲ್ಲಿ ಕುಣಿಯುತ್ತಿರುವ ನಾಲ್ಕಾರು ಜನರ ಚಿತ್ರವನ್ನು ಎಲ್ಲರ ಮುಂದೆ ಹಿಡಿಯುತ್ತಾರೆ. “ಇದು ಬೀಚ್ ಹ್ಯಾಂಡ್‌ಬಾಲ್. ಗಾಳೀಲಿ ಒಂದು ಸುತ್ತು ಗಿರಕಿ ಹೊಡೆದು ಹಾಕಿದ ಗೋಲಿಗೆ ಎರಡು ಪಾಯಿಂಟು. ಗೊತ್ತಿತ್ತಾ ನಿಮಗೆ?”