ಹನಕೆರೆಯಲ್ಲಿ ಕ್ರಾಸಿಂಗ್

ಒಂದು ಕಾಲದಲ್ಲಿ ನಮ್ಮ ಸೀಮೆಯವರು ತತ್ವಶಾಸ್ತ್ರ ಕಲಿಯಬೇಕೆಂದರೆ ಮೈಸೂರಿನ ಮಹಾರಾಜಾ ಕಾಲೇಜಿಗೆ ಹೋಗಬೇಕಿತ್ತು. ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಎಂ. ಹಿರಿಯಣ್ಣನವರು ಅಲ್ಲಿದ್ದರು. ಭಾರತೀಯ ದರ್ಶನಗಳನ್ನು ಕುರಿತು ಅವರು ಇಂಗ್ಲಿಷಿನಲ್ಲಿ ಬರೆದ ಪುಸ್ತಕ 1932ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಮರುವರ್ಷವೇ ಮಂಡ್ಯದಲ್ಲಿ ಸಕ್ಕರೆ ಕಂಪನಿ ಹುಟ್ಟಿತು. ಇವೆರಡರಲ್ಲಿ ನಮ್ಮವರು ಯಾವುದನ್ನು ಹೆಚ್ಚು ಹಚ್ಚಿಕೊಂಡರು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಸರ್ವಪಲ್ಲಿ ರಾಧಾಕೃಷ್ಣನ್ ಕೂಡ 1918ರಿಂದ ಅದೇ ಕಾಲೇಜಿನಲ್ಲಿ ಪಾಠ ಹೇಳಿ, 1921ರಲ್ಲಿ ಕಲ್ಕತ್ತೆಗೆ ಹೊರಟರು. ಅವರು ಕೂತ ಸಾರೋಟನ್ನು ಶಿಷ್ಯರೇ ರೈಲ್ವೆ ಸ್ಟೇಷನ್‌ವರೆಗೆ ಎಳೆದರಂತೆ. ಅಲ್ಲಿಂದ ಮುಂದೆ ಎಳೆದದ್ದು ರೈಲು. ಬೆಂಗಳೂರಿನ ದಾರಿ ಹಿಡಿದಿದ್ದರೆ ಅದು ನಮ್ಮ ಹನಕೆರೆಯ ಮೇಲೇ ಹೋಗಿರಬೇಕು. ಅಲ್ಲೊಂದು ಕ್ರಾಸಿಂಗ್ ಬಿದ್ದಿದ್ದರೆ ಅವರಿಗೂ ನಾಲ್ಕು ಹೊಸ ವಿಚಾರ ಸಿಗುತ್ತಿತ್ತು.

ಕ್ರಾಸಿಂಗ್ ಎಂದರೇನು ಎಂದು ಇಂದಿನ ಹುಡುಗರಿಗೆ ಹೇಳಬೇಕು. ಮದ್ದೂರು ದಾಟಿ ಮಂಡ್ಯ ಸಿಗುವ ಮೊದಲು ಬರುವ ಸಣ್ಣ ಸ್ಟೇಷನ್ ಹನಕೆರೆ. ಒಂಟಿ ಹಳಿಯ ಕಾಲದಲ್ಲಿ ಎದುರಿನಿಂದ ಎಕ್ಸ್‌ಪ್ರೆಸ್ ಬರುತ್ತಿದೆ ಎಂದರೆ ಪ್ಯಾಸೆಂಜರ್ ಗಾಡಿ ಇಂಥ ಕಡೆ ಬದಿಗೆ ಸರಿದು ನಿಲ್ಲಬೇಕು. ಎಷ್ಟು ಹೊತ್ತು ಎಂದು ಯಾರೂ ಹೇಳುವುದಿಲ್ಲ. ಮದ್ದೂರಿನಲ್ಲಿ ಕೊಂಡ ವಡೆ ಮುಗಿದಿರುತ್ತದೆ, ಕಡ್ಲೆಕಾಯಿ ಸಿಪ್ಪೆ ಕಾಲಡಿ ಸೇರಿರುತ್ತದೆ, ಪೇಪರಿನ ನಿಧನವಾರ್ತೆ ಪುಟವೂ ಓದಿ ಆಗಿರುತ್ತದೆ. ಕಿಟಕಿಯಾಚೆ ಕಬ್ಬು, ಅದರಾಚೆ ಮತ್ತೆ ಕಬ್ಬು. ಇಷ್ಟಾದ ಮೇಲೆ ಮನುಷ್ಯನಿಗೆ ಯೋಚಿಸದೆ ಬೇರೆ ದಾರಿಯೇ ಇಲ್ಲ.

ಮೊದಲು ಏಳುತ್ತಿದ್ದುದು ನ್ಯಾಯದ ಪ್ರಶ್ನೆ. "ಅಲ್ಲ ಕಣಣ್ಣ, ಅವನ್ಗೆ ದಾರಿ ಬುಡಕ್ಕೆ ನಾವ್ಯಾಕೆ ನಿಂತ್ಕಬೇಕು? ನಾವೂ ದುಡ್ಡು ಕೊಟ್ಟೇ ಟಿಕೀಟು ತಗಂಡಿಲ್ವಾ?" ಎನ್ನುವರು ಒಬ್ಬರು. "ಅವರು ಜಾಸ್ತಿ ಕೊಟ್ಟವ್ರೆ" ಎನ್ನುವರು ಸೀಸನ್ ಪಾಸಿನವರು. ಜಾಸ್ತಿ ಕೊಟ್ಟವನ ಸಮಯಕ್ಕೆ ಜಾಸ್ತಿ ಬೆಲೆಯೇ ಎಂಬಲ್ಲಿಗೆ ಮಾತು ಮುಟ್ಟುವಷ್ಟರಲ್ಲಿ ಎಕ್ಸ್‌ಪ್ರೆಸ್ ಬಂದು ಕೂಗಿಕೊಂಡು ಹೋಗುತ್ತಿತ್ತು. ಅಥೆನ್ಸಿನ ಸಾಕ್ರಟೀಸ್ ಪೇಟೆಯಲ್ಲಿ ಹೋಗಿಬರುವವರನ್ನು ಹಿಡಿದು ಹೀಗೆಯೇ ಪ್ರಶ್ನೆ ಕೇಳುತ್ತಿದ್ದ. ಅವನಿಗೆ ಕೊನೆಗೆ ವಿಷ ಕುಡಿಸಿದರು. ನಮ್ಮ ಪ್ಯಾಸೆಂಜರ್ ಹತ್ತಿದ್ದರೆ ಕಾಫಿ ಕುಡಿಸುತ್ತಿದ್ದರು. ರುಚಿ ನೋಡಿದವರು ಎರಡಕ್ಕೂ ಬಹಳ ವ್ಯತ್ಯಾಸವಿಲ್ಲ ಎನ್ನಬಹುದು, ಉದ್ದೇಶ ಮಾತ್ರ ಒಳ್ಳೆಯದು.

ಒಮ್ಮೆ ಪಕ್ಕದ ಹಳಿಯಲ್ಲಿ ಇನ್ನೊಂದು ಗಾಡಿಯೂ ನಿಂತಿತ್ತು. ಅದು ಮೆಲ್ಲಗೆ ಹೊರಟಿತು. ನನ್ನೆದುರು ಕೂತಿದ್ದ ಅಜ್ಜಿ ಎಲೆಅಡಿಕೆ ಚೀಲ ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, "ಹೊಂಟ್ವೇನಪ್ಪ?" ಎಂದರು.

"ಇಲ್ಲ ಅಜ್ಜಿ, ಹೊರಟಿದ್ದು ಅವರು. ನಾವು ಇಲ್ಲೇ ಇದ್ದೀವಿ."

ಅಜ್ಜಿ ಕಿಟಕಿಗೆ ಮುಖ ಕೊಟ್ಟು ನೋಡಿ ನಕ್ಕರು. "ನಮ್ಮ ಮನೇಲೂ ಇಂಗೇ ಕನಪ್ಪ. ಪಕ್ಕದ ಮನೆಯೋರು ಕಾರು ತಗಂಡ್ರು, ನನ್ನ ಮಗ ಬ್ಯಾಂಕಿಗೋದ. ಅವರು ಮಾಡಿ ಮ್ಯಾಲೆ ಮಾಡಿ ಕಟ್ಟುದ್ರು, ಇವನು ಗದ್ದೆ ಅಡ ಇಟ್ಟ. ಹೊಂಟಿದ್ದು ಅವರು, ಹೊಂಟಂಗಾಗಿದ್ದು ನಮಗೆ."

ಆ ಮಾತನ್ನು ಅಂದಿನಿಂದ ಸಂಸಾರಕ್ಕೆ ಬಳಸುತ್ತ ಬಂದಿದ್ದೇನೆ. ಸೈಟು, ಸೋಫಾ, ಮೈಸೂರಿನ ದುಬಾರಿ ಶಾಲೆ, ಚೌಲ್ಟ್ರಿಯಲ್ಲಿ ನಾಮಕರಣ, ಏನೇ ಪ್ರಸ್ತಾಪ ಬಂದರೂ "ಹೊರಟಿದ್ದು ನಾವಾ, ಅವರಾ?" ಎಂದು ಕೇಳಿಕೊಳ್ಳುತ್ತೇನೆ. ಸಾಕಷ್ಟು ದುಡ್ಡು ಉಳಿದಿದೆ. ಆದರೆ ದರ್ಶನಕ್ಕೂ ಎಲ್ಲೆಯುಂಟು. ಫ್ರಿಜ್ ಬದಲಿಸೋಣ ಎಂದಾಗಲೂ ನಾನು ಇದೇ ಪ್ರಶ್ನೆ ಎತ್ತಿದೆ. ನನ್ನವಳು ಒಡೆದ ಹಾಲಿನ ಪಾತ್ರೆಯನ್ನು ಮುಂದಿಟ್ಟು, "ಅವರೂ ಹೊರಟಿಲ್ಲ, ನಾವೂ ಹೊರಟಿಲ್ಲ. ಫ್ರಿಜ್ ಹೊರಟುಹೋಗಿದೆ" ಎಂದಳು. ಹಿರಿಯಣ್ಣನವರ ಪುಸ್ತಕದಲ್ಲಿ ಇದಕ್ಕೆ ಉತ್ತರವಿಲ್ಲ.

ನಮ್ಮವರು ತತ್ವಕ್ಕೆ ದೂರದವರೇನಲ್ಲ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ ಮಂಟೇಸ್ವಾಮಿಯ ನೆಲೆ. ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಹಾಡುವ ಕಥೆಯಲ್ಲಿ ಅವನು ಅಸಹ್ಯದ ವೇಷ ತೊಟ್ಟು ಕಲ್ಯಾಣಕ್ಕೇ ಹೋಗಿ, ಅಲ್ಲಿನ ದೊಡ್ಡವರ ಭಕ್ತಿ ಎಷ್ಟು ನಿಜ ಎಂದು ಪರೀಕ್ಷೆ ಮಾಡುತ್ತಾನೆ. ಬಸವಣ್ಣನವರಿಗೂ ವಿನಾಯಿತಿಯಿಲ್ಲ. ಇಂಥ ಕಥೆ ಕೇಳಿ ಬೆಳೆದವರು ನಾವು. ಬಂದಿರುವ ತೊಂದರೆ ಒಂದೇ: ನಾವು ತತ್ವವನ್ನು ನಷ್ಟವಾದ ಮೇಲೆ ತೆಗೆಯುತ್ತೇವೆ. ಬೆಲ್ಲದ ರೇಟು ಏರಿದ್ದಾಗ "ಎಲ್ಲಾ ಮಾಯೆ" ಎಂದವನನ್ನು ನಾನು ಯಾವ ಆಲೆಮನೆಯಲ್ಲೂ ಕಂಡಿಲ್ಲ. ಬಿದ್ದ ಮರುದಿನ ಅರಳಿಕಟ್ಟೆಯ ತುಂಬ ಋಷಿಗಳೇ. ಹಿರಿಯರು ಸ್ಮಶಾನ ವೈರಾಗ್ಯ, ಪ್ರಸವ ವೈರಾಗ್ಯ, ಪುರಾಣ ವೈರಾಗ್ಯ ಎಂದು ಮೂರು ಬಗೆ ಹೇಳಿದ್ದಾರೆ. ಕಬ್ಬಿನ ಬಟವಾಡೆ ತಡವಾದಾಗ ಬರುವ ವೈರಾಗ್ಯವನ್ನೂ ಸೇರಿಸಬೇಕಿತ್ತು. ದುಡ್ಡು ಖಾತೆಗೆ ಬಿದ್ದ ಮೆಸೇಜು ಬರುವವರೆಗೆ ಅದು ಬಲು ಗಟ್ಟಿ. ನಷ್ಟಕ್ಕೆ ಮೊದಲೇ, ಸಹಿ ಹಾಕುವ ಕೈ ಪೆನ್ನು ಹುಡುಕುತ್ತಿರುವಾಗಲೇ ಬರುವ ಯೋಚನೆಗೇ ನಿಜವಾದ ಬೆಲೆ.

ಹಾಗೆ ಯೋಚಿಸಲು ನಿಲ್ಲಬೇಕು. ನಿಲ್ಲುವುದೇ ಈಗ ಕಷ್ಟ. 2017ರಲ್ಲಿ ಶ್ರೀರಂಗಪಟ್ಟಣದಲ್ಲಿ ಅಡ್ಡವಿದ್ದ ಟಿಪ್ಪು ಕಾಲದ ಮದ್ದಿನಮನೆಯನ್ನು ಇಡಿಯಾಗಿ ಎತ್ತಿ ಪಕ್ಕಕ್ಕಿಟ್ಟರು, ಮೈಸೂರಿನವರೆಗೆ ಜೋಡಿ ಹಳಿ ಪೂರ್ತಿಯಾಯಿತು, ಹನಕೆರೆಯ ಕ್ರಾಸಿಂಗಿನ ಕಥೆ ಮುಗಿಯಿತು. ಆಮೇಲೆ ಬಂತು ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ. 2023ರ ಮಾರ್ಚ್‌ನಲ್ಲಿ ಇಲ್ಲೇ ಗೆಜ್ಜಲಗೆರೆಯಲ್ಲಿ ಪ್ರಧಾನಿ ಅದನ್ನು ಉದ್ಘಾಟಿಸಿದರು. ಆಗಸ್ಟ್ ಒಂದರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಮುಖ್ಯರಸ್ತೆ ನಿಷಿದ್ಧ. ಹನಕೆರೆಯವರು ಈಚೆಯಿಂದ ಆಚೆಗೆ ಹೋಗಲು ಅಂಡರ್‌ಪಾಸ್ ಕೊಡಿ ಎಂದು ಪ್ರತಿಭಟಿಸಬೇಕಾಯಿತು. ಪ್ಯಾಸೆಂಜರಿನ ಹಳೆಯ ಪ್ರಶ್ನೆಯೇ ಈಗ ಸರ್ವಿಸ್ ರಸ್ತೆಗೆ ಬಂದಿದೆ: ಅವರಿಗೆ ದಾರಿ ಬಿಡಲು ನಾವೇಕೆ ನಿಲ್ಲಬೇಕು?

ಬೆಂಗಳೂರಿನ ನಮ್ಮ ನೆಂಟರು ಮೊದಲು ಮೂರು ಗಂಟೆ ತೆಗೆದುಕೊಂಡು ಬರುತ್ತಿದ್ದರು. ಈಗ ಒಂದೂವರೆ ಗಂಟೆಯಲ್ಲಿ ಬಂದಿಳಿಯುತ್ತಾರೆ. ಉಳಿದ ಒಂದೂವರೆ ಗಂಟೆಯನ್ನು ನಮ್ಮ ಜಗುಲಿಯಲ್ಲಿ ಮೊಬೈಲು ತಿಕ್ಕುತ್ತ ಕಳೆಯುತ್ತಾರೆ. ಅದರಲ್ಲಿ ಯಾರೋ ಕೊಂಡ ಹೊಸ ಕಾರಿನ ಪಟ ನೋಡಿ "ನಾವೂ ಬದಲಿಸಬೇಕು ಕಣ್ರೀ" ಎನ್ನುತ್ತಾರೆ. ಅಜ್ಜಿಯ ಮಾತು ನನ್ನ ನಾಲಿಗೆ ತುದಿಗೆ ಬರುತ್ತದೆ. ಆದರೆ ಊಟಕ್ಕೆ ಬಂದವರಿಗೆ ದರ್ಶನ ಬಡಿಸಬಾರದೆಂದು ಅಡುಗೆಮನೆಯಿಂದ ಸನ್ನೆಯಾಗಿರುತ್ತದೆ.

ನಿಮಗೆ ಹೇಳಲು ಅಂಥ ಅಡ್ಡಿಯಿಲ್ಲ. ಮುಂದೆ ಸಾಲದ ಅರ್ಜಿಗೆ ಸಹಿ ಹಾಕುವ ಮೊದಲು ಐದು ನಿಮಿಷ ಸುಮ್ಮನೆ ಕೂತು, ಹೊರಟಿರುವುದು ಯಾರೆಂದು ವಿಚಾರಿಸಿಕೊಳ್ಳಿ. ಫ್ರಿಜ್ ಕೆಟ್ಟಿದ್ದರೆ ಮಾತ್ರ ವಿಚಾರ ಬೇಡ, ನೇರ ಅಂಗಡಿಗೆ ಹೋಗಿ.