ಎರಡು ತಟ್ಟೆ, ಒಂದು ಪೆಟ್ಟಿಗೆ

ಡಿಜೆಗಳಲ್ಲಿ ದ್ವೈತಿಗಳೂ ಇದ್ದಾರೆ, ಅದ್ವೈತಿಗಳೂ ಇದ್ದಾರೆ.

ದ್ವೈತಿಗಳಿಗೆ ಎರಡು ಟರ್ನ್‌ಟೇಬಲ್ ಬೇಕು, ನಡುವೆ ಒಂದು ಮಿಕ್ಸರ್. ಎಡಗಡೆಯ ರೆಕಾರ್ಡು ಬೇರೆ, ಬಲಗಡೆಯ ರೆಕಾರ್ಡು ಬೇರೆ. ಅವು ತಾವಾಗಿ ಎಂದೂ ಒಂದಾಗುವುದಿಲ್ಲ. ಭೇದ ನಿತ್ಯ, ಭೇದ ಸತ್ಯ. ಎರಡರ ತಾಳ ಕೂಡಬೇಕಾದರೆ ಮನುಷ್ಯನ ಕೈ ಬೇಕು, ಕಿವಿ ಬೇಕು, ಕೊಂಚ ಗುರುಕೃಪೆಯೂ ಬೇಕು. ಅದ್ವೈತಿಗಳದು ಒಂದೇ ಪೆಟ್ಟಿಗೆ, ಅದೇ ಕಂಟ್ರೋಲರ್. ಅದರ ಮೇಲೂ ಎರಡು ಚಕ್ರ ಕಾಣುತ್ತವೆ, ಆದರೆ ಅದೆಲ್ಲ ಮಾಯೆ. ಚಕ್ರದ ಮೇಲೆ ಹಾಡಿಲ್ಲ, ಚಕ್ರದ ಕೆಳಗೂ ಇಲ್ಲ. ಹಾಡಿರುವುದು ಪಕ್ಕದ ಲ್ಯಾಪ್‌ಟಾಪಿನಲ್ಲಿ. ಸಿಂಕ್ ಎಂಬ ಗುಂಡಿ ಒತ್ತಿದರೆ ಸಾಕು, ಎರಡು ಹಾಡುಗಳ ತಾಳ ಕ್ಷಣದಲ್ಲಿ ಐಕ್ಯ. ದ್ವೈತಿಗಳ ಎದುರು ಆ ಗುಂಡಿಯ ಹೆಸರೆತ್ತಿದರೆ ಅವರು ಮತ್ತೊಮ್ಮೆ ಸ್ನಾನ ಮಾಡಬೇಕಾಗುತ್ತದೆ.

ನನ್ನನ್ನು ಈ ಮತಜಗಳಕ್ಕೆ ಎಳೆದವನು ಅಕ್ಕನ ಮಗ. ಕೆಲಸ ಸಿಕ್ಕು ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದ ಕೂಡಲೇ ಅವನ ಓರಗೆಯವರು ಬುಲೆಟ್ ಬೈಕು ಕೊಂಡರು. ಇವನು ಡಿಜೆ ಆಗುತ್ತೇನೆಂದ. ಅಕ್ಕ ಕಂಡಿದ್ದ ಡಿಜೆ ಗಣೇಶನ ಮೆರವಣಿಗೆಯದು, ಟ್ರ್ಯಾಕ್ಟರ್ ಮೇಲೆ ಆಳೆತ್ತರ ಪೇರಿಸಿದ ಸ್ಪೀಕರುಗಳದು. ಅವಳ ಮೊದಲ ಪ್ರಶ್ನೆಯೇ "ಟ್ರ್ಯಾಕ್ಟರ್ ಎಲ್ಲೋ ನಿಲ್ಲಿಸ್ತೀಯಾ? ಅಪಾರ್ಟ್‌ಮೆಂಟಿನವರು ಕೊಟ್ಟಿರೋದು ಒಂದೇ ಪಾರ್ಕಿಂಗು" ಎಂದು. ಟ್ರ್ಯಾಕ್ಟರ್ ಬೇಡ, ಮೇಜಿನ ಮೇಲೆ ಹಿಡಿಸುವ ವಸ್ತು ಅದು ಎಂದು ಸಮಾಧಾನಪಡಿಸಿದ್ದಾಯಿತು. ಮನೆತನದಲ್ಲಿ ಇನ್ನೂ ರೆಕಾರ್ಡು ಇಟ್ಟುಕೊಂಡು ಅದರ ಧೂಳು ಒರೆಸುತ್ತಿರುವವನು ನಾನೊಬ್ಬನೇ ಆದ್ದರಿಂದ ತೀರ್ಪು ಕೊಡುವ ಕೆಲಸ ನನಗೆ ಬಿತ್ತು.

ಹುಡುಗನ ಮನಸ್ಸು ಟರ್ನ್‌ಟೇಬಲ್ ಕಡೆ ವಾಲಿತ್ತು. ಅದರಲ್ಲೂ ಟೆಕ್ನಿಕ್ಸ್ ಎಸ್‌ಎಲ್-1200. "ಅದೇ ನಿಜವಾದದ್ದು ಮಾಮ, ಮಿಕ್ಕಿದ್ದೆಲ್ಲ ಆಟಿಕೆ." ಈ 'ನಿಜವಾದದ್ದು' ಎನ್ನುವ ಮಾತು ಕೇಳಿದಾಗಲೆಲ್ಲ ನನಗೆ ಒಳಗೊಳಗೇ ನಗು ಬರುತ್ತದೆ. ಯಾಕೆಂದರೆ ಆ ಯಂತ್ರ ಡಿಜೆಗಳಿಗಾಗಿ ಹುಟ್ಟಿದ್ದೇ ಅಲ್ಲ. ಜಪಾನಿನ ಮತ್ಸುಶಿತಾ ಕಂಪನಿ 1972ರಲ್ಲಿ ಅದನ್ನು ಮಾರುಕಟ್ಟೆಗೆ ಬಿಟ್ಟದ್ದು ಮನೆಯಲ್ಲಿ ಸೋಫಾದ ಮೇಲೆ ಕಣ್ಣು ಮುಚ್ಚಿ ಸಂಗೀತ ಕೇಳುವ ಸಂಭಾವಿತರಿಗಾಗಿ. ಅದಕ್ಕೂ ಮುಂಚೆ ಹಲವು ಯಂತ್ರಗಳಲ್ಲಿ ತಟ್ಟೆಯನ್ನು ತಿರುಗಿಸುತ್ತಿದ್ದದ್ದು ರಬ್ಬರ್ ಬೆಲ್ಟು. ಬೆಲ್ಟು ಸವೆಯುತ್ತದೆ, ಜೋಲುತ್ತದೆ, ಹಾಡು ಅಲುಗುತ್ತದೆ. ಆ ಕಂಪನಿಯ ಇಂಜಿನಿಯರ್ ಶುಯಿಚಿ ಒಬಾತ ಬೆಲ್ಟನ್ನೇ ಕಿತ್ತುಹಾಕಿ ಮೋಟಾರನ್ನು ನೇರವಾಗಿ ತಟ್ಟೆಯ ಅಡಿಗೆ ತಂದರು. ಸಂಭಾವಿತರ ಹಾಡು ಅಲುಗಬಾರದು ಎಂಬುದಷ್ಟೇ ಉದ್ದೇಶ. ಕೈಯಿಂದ ತಡೆದರೂ ಮೋಟಾರು ಹೆದರುವುದಿಲ್ಲ, ಬಿಟ್ಟ ಕೂಡಲೇ ಮತ್ತೆ ವೇಗ ಹಿಡಿಯುತ್ತದೆ ಎಂಬುದನ್ನು ಕಂಡುಕೊಂಡವರು ಬೇರೆ ಜನ, ಬೇರೆ ಊರಿನವರು.

ಆ ಊರು ನ್ಯೂಯಾರ್ಕಿನ ಬ್ರಾಂಕ್ಸ್. 1973ರ ಆಗಸ್ಟ್ 11ರಂದು 1520 ಸೆಡ್ಜ್‌ವಿಕ್ ಅವೆನ್ಯೂ ಎಂಬ ವಠಾರದ ಕೆಳಗಿನ ಹಾಲಿನಲ್ಲಿ ಒಂದು ಪಾರ್ಟಿ. ಏರ್ಪಡಿಸಿದವಳು ಸಿಂಡಿ ಕ್ಯಾಂಬೆಲ್, ಶಾಲೆ ಶುರುವಾಗುವ ಮುಂಚೆ ಹೊಸ ಬಟ್ಟೆಗೆ ದುಡ್ಡು ಹೊಂದಿಸಲು. ಹುಡುಗಿಯರಿಗೆ 25 ಸೆಂಟ್ ಟಿಕೆಟ್ಟು, ಹುಡುಗರಿಗೆ 50. ರೆಕಾರ್ಡು ಹಾಕಿದವನು ಅವಳ ಅಣ್ಣ ಕ್ಲೈವ್, ಜಮೈಕಾದಲ್ಲಿ ಹುಟ್ಟಿದವನು, ಮುಂದೆ ಡಿಜೆ ಕೂಲ್ ಹರ್ಕ್ ಎಂದು ಹೆಸರಾದವನು. ಅವನು ಗಮನಿಸಿದ್ದ ಒಂದು ಸಂಗತಿ: ಹಾಡುಗಾರ ಬಾಯಿ ಮುಚ್ಚಿ ಬರೀ ಡ್ರಮ್ಮು ಬಡಿಯುವ ಆ ಕೆಲವು ಸೆಕೆಂಡುಗಳಲ್ಲೇ ಜನ ಮೈಮರೆತು ಕುಣಿಯುತ್ತಾರೆ. ಹಾಗಾದರೆ ಉಳಿದ ಹಾಡು ಯಾಕೆ ಬೇಕು? ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು, ಒಂದರಲ್ಲಿ ಡ್ರಮ್ಮು ಮುಗಿಯುವ ಹೊತ್ತಿಗೆ ಇನ್ನೊಂದರಲ್ಲಿ ಅದೇ ಡ್ರಮ್ಮು ಶುರು ಮಾಡುವ ಉಪಾಯ ಹೂಡಿದ. ಪಲ್ಲವಿ ಚರಣಗಳನ್ನೆಲ್ಲ ಬಿಟ್ಟು ತನಿ ಆವರ್ತನವನ್ನೇ ರಾತ್ರಿಯಿಡೀ ನುಡಿಸಿದ ಹಾಗೆ. ಪೈಪೋಟಿಯವರು ಯಾವ ಹಾಡೆಂದು ಇಣುಕಿ ನೋಡದಿರಲೆಂದು ರೆಕಾರ್ಡುಗಳನ್ನು ನೀರಿನಲ್ಲಿ ನೆನೆಸಿ ಲೇಬಲ್ ಕಿತ್ತುಬಿಡುತ್ತಿದ್ದನಂತೆ.

ಅದೇ ಬ್ರಾಂಕ್ಸಿನಲ್ಲಿ ಇನ್ನೊಬ್ಬ ಹುಡುಗ, ಜೋಸೆಫ್ ಸ್ಯಾಡ್ಲರ್. ಅಪ್ಪನ ರೆಕಾರ್ಡು ಮುಟ್ಟಿದ್ದಕ್ಕೆ ಏಟು ತಿಂದೂ ಮುಟ್ಟುವ ಚಾಳಿ ಬಿಡದವನು. ರೆಕಾರ್ಡನ್ನು ಅಂಚಿನಲ್ಲಿ ಹಿಡಿಯಬೇಕು, ಗೆರೆಗಳ ಮೇಲೆ ಬೆರಳು ತಾಗಬಾರದು ಎಂಬ ಮಡಿ ಆಗ ಎಲ್ಲರ ಮನೆಯಲ್ಲೂ ಇತ್ತು. ನಮ್ಮ ಮನೆಯಲ್ಲೂ ಇತ್ತು. ಅಪ್ಪ ಕೈ ತೊಳೆದುಕೊಂಡು ಬಂದು ರೆಕಾರ್ಡು ತೆಗೆಯುತ್ತಿದ್ದರು. ಈ ಹುಡುಗ ಐದೂ ಬೆರಳನ್ನು ಅದರ ಮೇಲೆ ಊರಿದ. ಅಷ್ಟೇ ಅಲ್ಲ, ಡ್ರಮ್ಮು ಎಲ್ಲಿ ಶುರುವಾಗುತ್ತದೆಂದು ಗುರುತಿಗೆ ರೆಕಾರ್ಡಿನ ಮೇಲೆ ಮೇಣದ ಬಳಪದಿಂದ ಗೆರೆ ಎಳೆದ. ತಟ್ಟೆ ತಿರುಗುತ್ತಲೇ ಇರಬೇಕು, ಮೇಲಿನ ರೆಕಾರ್ಡು ಮಾತ್ರ ಕೈ ಹಿಡಿದಲ್ಲಿ ನಿಲ್ಲಬೇಕು. ಅದಕ್ಕೆ ರಬ್ಬರ್ ಚಾಪೆ ತೆಗೆದು, ಬಟ್ಟೆ ಹೊಲಿಯುವುದು ಬಲ್ಲ ಅಮ್ಮನಿಂದ ಫೆಲ್ಟ್ ಬಟ್ಟೆಯ ಗುಟ್ಟು ತಿಳಿದುಕೊಂಡು, ಗಂಜಿ ಹಾಕಿ ಗಟ್ಟಿ ಮಾಡಿದ ದುಂಡನೆಯ ತುಂಡು ಹಾಸಿದ. ಈಗ ಅಂಗಡಿಯಲ್ಲಿ ಸ್ಲಿಪ್‌ಮ್ಯಾಟ್ ಎಂದು ಜೊತೆಗಿಷ್ಟು ಬೆಲೆ ಹೇಳುತ್ತಾರಲ್ಲ, ಅದರ ಮೂಲ ಅಮ್ಮನ ಗಂಜಿ. ಆ ಹುಡುಗನೇ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್.

ಅಮ್ಮಂದಿರ ಕೊಡುಗೆ ಅಲ್ಲಿಗೇ ನಿಲ್ಲುವುದಿಲ್ಲ. ಹದಿಹರೆಯದ ಥಿಯೊಡೋರ್ ಎಂಬ ಹುಡುಗ ಕೋಣೆಯಲ್ಲಿ ಜೋರಾಗಿ ರೆಕಾರ್ಡು ಹಾಕಿಕೊಂಡಿದ್ದಾಗ ಅಮ್ಮ ಬಾಗಿಲಿಗೆ ಬಂದು ಬೈದಳು. ಬೈಗುಳ ಮುಗಿಯುವ ತನಕ ಹಾಡು ಮುಂದೆ ಓಡದಿರಲೆಂದು ಅವನು ರೆಕಾರ್ಡಿನ ಮೇಲೆ ಕೈ ಇಟ್ಟು ಅದನ್ನು ಹಿಂದೆ ಮುಂದೆ ಆಡಿಸುತ್ತ ನಿಂತ. ಕಿವಿಗೆ ಬಿದ್ದ ಆ ಜರ್ರ್ ಜರ್ರ್ ಸದ್ದೇ ಸ್ಕ್ರ್ಯಾಚ್. ಬೈಗುಳ ಇನ್ನೂ ಚುಟುಕಾಗಿದ್ದರೆ ಒಂದು ಕಲೆಯೇ ಹುಟ್ಟುತ್ತಿರಲಿಲ್ಲ. ಇದನ್ನು ಹೇಳಿದಾಗ ಅಕ್ಕ ಮೊದಲ ಬಾರಿಗೆ ಈ ವಿಷಯದಲ್ಲಿ ಆಸಕ್ತಿ ತೋರಿದಳು.

ಹೀಗೆ ಮೂವರೂ ಸೇರಿ ಸಂಭಾವಿತರ ಸಾಧನವನ್ನು ಕೆಡಿಸಿಟ್ಟರು. ಕಂಪನಿಗೆ ಅದು ಗೊತ್ತಾಗಿ, ಕ್ಲಬ್ಬುಗಳಲ್ಲಿ ಏನು ನಡೆಯುತ್ತಿದೆ ಎಂದು ನೋಡಿ, 1979ರಲ್ಲಿ ಮಾರ್ಕ್ 2 ತಂದಿತು: ವೇಗ ಶೇ. 8ರಷ್ಟು ಏರಿಸಿ ಇಳಿಸಲು ಉದ್ದನೆಯ ಜಾರುಗುಂಡಿ, ಕಂಪನ ತಡೆಯಲು ಭಾರವಾದ ರಬ್ಬರ್ ತಳ. ಇವತ್ತು 'ಪರಂಪರೆ' ಎಂದು ಕೈಮುಗಿಯುವುದು ಇದಕ್ಕೇ.

ಕೈಮುಗಿಯುವಂಥದ್ದೂ ಹೌದು, ಸುಳ್ಳು ಹೇಳಬಾರದು. ಅಂಗಡಿಯೊಂದರಲ್ಲಿ ಹುಡುಗನೂ ನಾನೂ ಹಳೆಯದೊಂದನ್ನು ನೋಡಿದೆವು. ಒತ್ತಿದರೆ ಸೂಜಿಯ ಪಕ್ಕದಲ್ಲಿ ಒಂದು ಪುಟ್ಟ ದೀಪ ಟಕ್ಕೆಂದು ಮೇಲೇಳುತ್ತದೆ, ಕತ್ತಲಲ್ಲಿ ಗೆರೆ ಕಾಣಲೆಂದು. ತಟ್ಟೆಯ ಅಂಚಿನ ಸುತ್ತ ಸಾಲುಸಾಲು ಚುಕ್ಕಿ. ಮೂಲೆಯ ಕೆಂಪು ಬೆಳಕು ಅವುಗಳ ಮೇಲೆ ಬೀಳುತ್ತಿರುತ್ತದೆ. ತಟ್ಟೆ ಗರಗರ ತಿರುಗುತ್ತಿದ್ದರೂ, ವೇಗ ಸರಿಯಾಗಿದ್ದರೆ ಒಂದು ಸಾಲಿನ ಚುಕ್ಕಿಗಳು ನಿಂತಲ್ಲೇ ನಿಂತಂತೆ ಕಾಣುತ್ತವೆ. ಜಾರುಗುಂಡಿಯನ್ನು ಒಂದು ಕೂದಲೆಳೆ ಸರಿಸಿದರೆ ಅವು ಮೆಲ್ಲಗೆ ತೆವಳತೊಡಗುತ್ತವೆ. ನಾವಿಬ್ಬರೂ ಹಾಡು ಕೇಳುವುದು ಬಿಟ್ಟು ಚುಕ್ಕಿ ನೋಡುತ್ತ ನಿಂತದ್ದು ಕಂಡು ಅಂಗಡಿಯವನು ಬೆಲೆಯನ್ನು ಅಲ್ಲೇ ಮನಸ್ಸಿನಲ್ಲಿ ಏರಿಸಿಕೊಂಡಿರಬೇಕು.

ಬೆಲೆ ಎಂದೆನಲ್ಲ, ಅದೊಂದು ಅಧ್ಯಾಯ. ಟೆಕ್ನಿಕ್ಸ್ 1200 ಸರಣಿಯನ್ನು 2010ರಲ್ಲಿ ನಿಲ್ಲಿಸಿಬಿಟ್ಟರು. 2016ರಲ್ಲಿ ಅದು ಪುನರ್ಜನ್ಮ ತಾಳಿದಾಗ ಹಿಂದಿನ ಜನ್ಮದ ಬೆಲೆ ನೆನಪಿರಲಿಲ್ಲ. ಒಂದು ಕೊಂಡರೆ ಆಗುವುದಿಲ್ಲ, ದ್ವೈತಕ್ಕೆ ಎರಡು ಬೇಕು. ಮಿಕ್ಸರ್ ಬೇರೆ, ಕಾರ್ಟ್ರಿಜ್ ಬೇರೆ, ಅದರ ಸೂಜಿ ಸವೆದರೆ ಮತ್ತೆ ಸೂಜಿ ಬೇರೆ. ಸ್ಕ್ರ್ಯಾಚಿಗೆ ಅಚ್ಚುಮೆಚ್ಚಾಗಿದ್ದ ಶೂರ್ ಕಂಪನಿಯ ಎಂ44-7 ಈಗ ಹುಡುಕಬೇಕು, 2018ರಲ್ಲಿ ಆ ಕಂಪನಿ ಕಾರ್ಟ್ರಿಜ್ ಕಸುಬನ್ನೇ ಬಿಟ್ಟಿತು. ಇನ್ನು ತೂಕ. ಮಾರ್ಕ್ 2 ಒಂದೇ ಹನ್ನೆರಡು ಕೆ.ಜಿ. ಆಸುಪಾಸು. ದೇಶದೊಳಗಿನ ವಿಮಾನದಲ್ಲಿ ಸಾಮಾನ್ಯವಾಗಿ ಬಿಡುವುದು 15 ಕೆ.ಜಿ. ಸಾಮಾನು. ಒಂದು ಟರ್ನ್‌ಟೇಬಲ್, ಒಂದೆರಡು ಜೊತೆ ಬಟ್ಟೆ, ಅಲ್ಲಿಗೆ ಮುಗಿಯಿತು; ಎರಡನೆಯದನ್ನು ಮಾವ ಹೊರಬೇಕು. ನೂರು ರೆಕಾರ್ಡಿನ ಪೆಟ್ಟಿಗೆ ಇಪ್ಪತ್ತು ಕೆ.ಜಿ. ದಾಟುತ್ತದೆ, ಅದನ್ನು ಯಾರು ಹೊರುತ್ತಾರೆಂದು ಹುಡುಗ ಹೇಳಲಿಲ್ಲ, ನನ್ನ ಕಡೆ ನೋಡಿದ ಅಷ್ಟೆ.

ಕಂಟ್ರೋಲರಿನ ತೂಕ ಎರಡು ಮೂರು ಕೆ.ಜಿ. ಬೆನ್ನಿಗೆ ಹಾಕಿಕೊಂಡು ಮೆಟ್ರೊದಲ್ಲಿ ಹೋಗಬಹುದು. ಎರಡು ಟರ್ನ್‌ಟೇಬಲ್ಲಿನ ದುಡ್ಡಿನಲ್ಲಿ ಇಂಥವನ್ನು ಮನೆಮಂದಿಗೆಲ್ಲ ಕೊಡಿಸಬಹುದು. ಹಾಡಿನ ವೇಗ ಹೆಚ್ಚಿಸಿದರೆ ರೆಕಾರ್ಡಿನಲ್ಲಿ ಶ್ರುತಿಯೂ ಏರುತ್ತದೆ. 33ರ ರೆಕಾರ್ಡನ್ನು 45ರಲ್ಲಿ ಹಾಕಿ ಭೀಮಸೇನ ಜೋಶಿಯವರನ್ನು ಬಾಲಕಲಾವಿದನನ್ನಾಗಿ ಮಾಡಿದ ಪಾಪ ನಮ್ಮ ತಲೆಮಾರಿನ ಎಲ್ಲ ಮಕ್ಕಳ ಮೇಲಿದೆ. ಕಂಟ್ರೋಲರಿನಲ್ಲಿ ವೇಗ ಎಷ್ಟೇ ಬದಲಿಸಿ, ಶ್ರುತಿ ಇದ್ದಲ್ಲೇ ಇರುವಂತೆ ಕಟ್ಟಿಹಾಕಬಹುದು. ಹಾಡಿನ ಏರಿಳಿತ ಪರದೆಯ ಮೇಲೆ ಬಣ್ಣಬಣ್ಣದ ಗುಡ್ಡಗಳಾಗಿ ಬರುತ್ತದೆ, ಕಿವುಡನೂ ತಾಳ ಕೂಡಿಸಬಹುದು. ನನಗೆ ಇದರ ಮೇಲಿರುವ ಸಿಟ್ಟು ಇದೇ. ಇನ್ನೊಂದು ಸಿಟ್ಟು, ಸಾವಿರಗಟ್ಟಲೆ ಹಾಡು ತುಂಬಿಕೊಂಡು ಹುಡುಗರು ಪಟ್ಟಿಯನ್ನು ಮೇಲೆ ಕೆಳಗೆ ಉರುಳಿಸುತ್ತಲೇ ಇರುತ್ತಾರೆ. ಕೊನೆಗೆ ಹಾಕುವುದು ಅದೇ ಇಪ್ಪತ್ತು.

ಸಿಂಕ್ ಗುಂಡಿಯ ಗರ್ವ ಮುರಿದದ್ದು ನಮ್ಮ ಹಳೇ ಚಿತ್ರಗೀತೆಗಳು. ಹುಡುಗನ ಗೆಳೆಯನ ಕಂಟ್ರೋಲರಿನಲ್ಲಿ ರಾಜನ್-ನಾಗೇಂದ್ರ ಕಾಲದ ಒಂದು ಹಾಡು ಹಾಕಿ ಅದರ ಕೆಳಗೆ ಇವತ್ತಿನ ಬೀಟು ಸೇರಿಸಿದೆವು. ಮೊದಲ ಸಾಲು ಚೆನ್ನಾಗಿಯೇ ಹೋಯಿತು. ಎರಡನೇ ಸಾಲಿಗೆ ಬೀಟು ಎಡಕ್ಕೆ, ಹಾಡು ಬಲಕ್ಕೆ. ಕಾರಣ ಸರಳ: ಆಗ ವಾದ್ಯಗಾರರೆಲ್ಲ ಒಟ್ಟಿಗೆ ಕೂತು ನುಡಿಸುತ್ತಿದ್ದರು, ತಾಳ ಹಾಕುತ್ತಿದ್ದದ್ದು ಕಂಪ್ಯೂಟರಲ್ಲ, ಮನುಷ್ಯ. ಚರಣಕ್ಕೆ ಬಂದಾಗ ಢೋಲಕ್ಕಿನವನಿಗೆ ಹುರುಪು ಬಂದು ಒಂದು ಚೂರು ಓಡುತ್ತಾನೆ, ಪಲ್ಲವಿಗೆ ಮರಳುವಾಗ ಸಾವರಿಸಿಕೊಳ್ಳುತ್ತಾನೆ. ಯಂತ್ರ ಇಡೀ ಹಾಡಿಗೆ ಒಂದೇ ಅಳತೆಯ ಗೆರೆ ಎಳೆದುಕೊಂಡು ಕೂತಿರುತ್ತದೆ. ಆಮೇಲೆ ಹುಡುಗ ಚಕ್ರದ ಅಂಚನ್ನು ಬೆರಳಲ್ಲಿ ತಳ್ಳಿ, ಎಳೆದು, ಕಿವಿಗೊಟ್ಟು ಹಾಡಿನ ಹಿಂದೆಯೇ ಓಡಬೇಕಾಯಿತು. ಐದು ನಿಮಿಷ ಅವನು ತನಗೇ ಗೊತ್ತಿಲ್ಲದೆ ದ್ವೈತಿಯಾಗಿದ್ದ.

ವಿಶಿಷ್ಟಾದ್ವೈತ ಇಲ್ಲವೇ ಎಂದು ಮೇಲುಕೋಟೆಯ ಕಡೆಯವರು ಕೇಳಬಹುದು. ಇದೆ. ಈ ಶತಮಾನದ ಆರಂಭದಲ್ಲಿ ಫೈನಲ್ ಸ್ಕ್ರ್ಯಾಚ್, ಆಮೇಲೆ 2004ರಲ್ಲಿ ಸೆರಾಟೊ ಸ್ಕ್ರ್ಯಾಚ್ ಲೈವ್ ಎಂದು ಬಂದವು. ಟರ್ನ್‌ಟೇಬಲ್ ನಿಜ, ರೆಕಾರ್ಡು ನಿಜ, ಸೂಜಿ ನಿಜ, ಆದರೆ ರೆಕಾರ್ಡಿನಲ್ಲಿ ಹಾಡಿಲ್ಲ, ಬರೀ ಒಂದು ಸಂಕೇತದ ಶಬ್ದ. ಲ್ಯಾಪ್‌ಟಾಪು ಆ ಶಬ್ದ ಕೇಳಿಸಿಕೊಂಡು, ರೆಕಾರ್ಡು ಎಷ್ಟು ವೇಗದಲ್ಲಿ ಯಾವ ದಿಕ್ಕಿಗೆ ತಿರುಗುತ್ತಿದೆ ಎಂದು ಲೆಕ್ಕ ಹಾಕಿ, ತನ್ನೊಳಗಿನ ಹಾಡನ್ನು ಹಾಗೆಯೇ ಕುಣಿಸುತ್ತದೆ. ಕುತೂಹಲಕ್ಕೆ ಅಂಥ ರೆಕಾರ್ಡೊಂದನ್ನು ಲ್ಯಾಪ್‌ಟಾಪಿಲ್ಲದೆ ನನ್ನ ಪ್ಲೇಯರಿನಲ್ಲಿ ಹಾಕಿಸಿದೆ. ಕೀಂ ಎಂದು ಒಂದೇ ಸಮ ಕಿರುಚಿತು. ಪಕ್ಕದ ಮನೆಯವರು ಬಂದು ಲಿಫ್ಟಿನಲ್ಲಿ ಯಾರಾದರೂ ಸಿಕ್ಕಿಹಾಕಿಕೊಂಡಿದ್ದಾರೆಯೇ ಎಂದು ವಿಚಾರಿಸಿ ಹೋದರು.

ಈ ಜಗಳವೆಲ್ಲ ಮನೆಯೊಳಗೆ. ದೊಡ್ಡ ಕ್ಲಬ್ಬುಗಳಲ್ಲಿ ಸಾಮಾನ್ಯವಾಗಿ ಎರಡೂ ಮತದ ಉಪಕರಣ ಇರುವುದಿಲ್ಲ. ಅಲ್ಲಿರುವುದು ಪಯನೀರ್ ಹೆಸರಿನ ಸಿಡಿಜೆ ಎಂಬ ಪ್ಲೇಯರ್. ಡಿಜೆ ಜೇಬಿನಲ್ಲಿ ಎರಡು ಪೆನ್‌ಡ್ರೈವ್ ಹಾಕಿಕೊಂಡು ಬರುತ್ತಾನೆ. ಗಣೇಶನ ಟ್ರ್ಯಾಕ್ಟರಿನಲ್ಲಂತೂ ದ್ವೈತಕ್ಕೆ ಜಾಗವೇ ಇಲ್ಲ, ಆ ಸ್ಪೀಕರುಗಳ ಒದೆತಕ್ಕೆ ಸೂಜಿ ಮೊದಲ ಹಂಪಿನ ಮುಂಚೆಯೇ ರೆಕಾರ್ಡು ಬಿಟ್ಟು ರಸ್ತೆಗೆ ಹಾರಿರುತ್ತದೆ.

ನನ್ನ ತೀರ್ಪು ಕಂಟ್ರೋಲರ್ ಪರ. ಬೆನ್ನುಮೂಳೆಯ ಪರ ಎಂದರೂ ತಪ್ಪಲ್ಲ. ಒಂದು ಷರತ್ತು ಹಾಕಿದೆ: ಕಿವಿ ಹದವಾಗುವ ತನಕ ಸಿಂಕ್ ಗುಂಡಿ ಮುಟ್ಟಬಾರದು, ಪರದೆಯ ಗುಡ್ಡಗಳನ್ನು ನೋಡಬಾರದು. ಹುಡುಗ ಒಪ್ಪಿದ. ಪರದೆಗೆ ರಟ್ಟು ಅಡ್ಡ ಇಟ್ಟ. ಸಿಂಕ್ ಗುಂಡಿ ಕತ್ತಲಲ್ಲೂ ಮಿನುಗಿ ಕರೆಯುತ್ತದೆಂದು, ಎರಡೂ ಚಕ್ರದ ಪಕ್ಕದ ಗುಂಡಿಗಳ ಮೇಲೆ ಅಮ್ಮನ ಡಬ್ಬಿಯಿಂದ ಅತಿ ದೊಡ್ಡ ಸ್ಟಿಕರ್ ಬೊಟ್ಟು ತೆಗೆದು ಅಂಟಿಸಿದ. ಬೊಟ್ಟು ಹೋದ ವಿಷಯಕ್ಕೆ ರಾದ್ಧಾಂತವಾದೀತೆಂದು ನಾನು ಕಾದಿದ್ದೆ. ಅಕ್ಕನಿಗೆ ಕಂಡದ್ದು ಬೇರೆಯೇ: ಮಗನಿಗೆ ಕೊನೆಗೂ ಬುದ್ಧಿ ಬಂದು ಸಾಮಾನಿಗೆ ದೃಷ್ಟಿಬೊಟ್ಟು ಇಟ್ಟಿದ್ದಾನೆ. ಅವಳು ಕುಂಕುಮವನ್ನೂ ಸೇರಿಸಿದಳು. ಆಯುಧಪೂಜೆಯ ಹಿಂದಿನ ಸಂಜೆ ನನಗೆ ಫೋನು ಬಂತು.

"ಚಕ್ರವೇನೋ ಎರಡಿದೆ ಕಣೋ. ಆದರೆ ನಿಂಬೆಹಣ್ಣು ಅದರ ಕೆಳಗೆ ಇಡೋಕೆ ಜಾಗವೇ ಇಲ್ಲವಲ್ಲ, ಮೇಲೇ ಇಟ್ಟು ಒಡೆಯೋದಾ?"